ಎರಡು ಹೆಬ್ಬೆರಳು

ಚಿತ್ರಕಲೆಯ ಕಿರುಪರೀಕ್ಷೆಯ ಎರಡು ಉತ್ತರಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು, ಅವುಗಳಲ್ಲಿ ಪ್ರಾಚೀನ ಈಜಿಪ್ತಿನ ಶೈಲಿಯಲ್ಲಿ ಬರೆದ ಮನುಷ್ಯನ ಪಾದಗಳ ಮೇಲೆ ಶೈಲಜಾ ಮೇಡಂ ಕೆಂಪು ಪೆನ್ನು ಊರಿದರು. ಸಾಯಿರಾಳ ಚಿತ್ರದಲ್ಲೂ ಅನ್ನಪೂರ್ಣಾಳ ಚಿತ್ರದಲ್ಲೂ ಮುಖ ಪಕ್ಕಕ್ಕೆ, ಕಣ್ಣು ಮತ್ತು ಭುಜ ಎದುರಿಗೆ, ಅಷ್ಟು ಸರಿ. ಆದರೆ ಎರಡೂ ಒಂದೇ ಕಾಲಿನ ಪಾದಗಳೆಂಬಂತೆ, ಎರಡರಲ್ಲೂ ಹೆಬ್ಬೆರಳೇ ನೋಡುವವರ ಕಡೆಗಿತ್ತು. ಇಬ್ಬರಿಗೂ ಒಂದೇ ತಪ್ಪು ಹೇಗೆ ಹೊಳೆಯುತ್ತದೆ?

“ಮನೋಳಿ ಬಸ್ಸಿನ್ಯಾಗ ಕೂಡೇ ಬರ್ತೀರಿ. ಪರೀಕ್ಷಾನೂ ಕೂಡೇ ಬರದ್ರೇನು? ಯಾರದು ನೋಡಿ ಯಾರು ಬರದ್ರಿ, ಈಗ ಹೇಳ್ರಿ. ಇಲ್ಲಂದ್ರ ಇಬ್ಬರಿಗೂ ಸೊನ್ನಿ.”

ಅನ್ನಪೂರ್ಣಾ ಅಳುಮುಖ ಮಾಡಿದಳು. ಸಾಯಿರಾ ಮಾತ್ರ ಚೀಲದಿಂದ ಗ್ರಂಥಾಲಯದ ದಪ್ಪ ಪುಸ್ತಕ ತೆಗೆದು, ಒಂದು ಪುಟ ಬಿಡಿಸಿ ಮುಂದಿಟ್ಟಳು. “ನಾವಿಬ್ಬರೂ ಇದನ್ನ ನೋಡಿ ಕಲ್ತೇವ್ರಿ ಮೇಡಂ.” ಆ ಪುಟದಲ್ಲಿದ್ದದ್ದು ನಾಲ್ಕೂವರೆ ಸಾವಿರ ವರ್ಷ ಹಿಂದಿನ ಈಜಿಪ್ತಿನ ಗೋರಿಯೊಂದರ ಗೋಡೆಚಿತ್ರದ ಫೋಟೋ. ಶೈಲಜಾ ಕನ್ನಡಕ ಸರಿಪಡಿಸಿಕೊಂಡು ಬಾಗಿದರು. ಅಲ್ಲಿ ನಿಂತ ಅಧಿಕಾರಿಯ ಮುಂದಿನ ಕಾಲಲ್ಲೂ ಹೆಬ್ಬೆರಳೇ ಈ ಕಡೆಗಿತ್ತು, ಹಿಂದಿನ ಕಾಲಲ್ಲೂ. ಪುಟ ತಿರುಗಿಸಿದರು. ಅವನ ಹೆಂಡತಿಗೂ ಹಾಗೆಯೇ.

ಉಳಿದ ಮೂವತ್ತೆಂಟು ಪತ್ರಿಕೆಗಳಲ್ಲಿ ಒಂದು ಪಾದಕ್ಕೆ ಹೆಬ್ಬೆರಳು ಈ ಕಡೆ, ಇನ್ನೊಂದಕ್ಕೆ ಕಿರುಬೆರಳು. ಅವಕ್ಕೆಲ್ಲ ಅವರು ಪೂರ್ತಿ ಅಂಕ ಕೊಟ್ಟಿದ್ದರು.

“ಹಂಗಾರ ಅವ್ರೆಲ್ಲಾ ಏನು ನೋಡಿ ಬರದ್ರು?” ಶೈಲಜಾ ಕೇಳಿದರು.

ಸಾಯಿರಾ ಗೋಡೆಯತ್ತ ನೋಡಿದಳು. ಒಂಬತ್ತು ವರ್ಷಗಳ ಹಿಂದೆ ಶೈಲಜಾ ತಾವೇ ಬರೆದು ತೂಗುಹಾಕಿದ ಚಾರ್ಟು ಅಲ್ಲಿತ್ತು. ಅದರಲ್ಲಿ ಈಜಿಪ್ತಿನವನ ಪಾದಗಳು ನಮ್ಮ ನಿಮ್ಮ ಪಾದಗಳಂತೆಯೇ ಇದ್ದವು: ಒಂದರ ಹೆಬ್ಬೆರಳು ಈ ಕಡೆ, ಇನ್ನೊಂದರ ಕಿರುಬೆರಳು.

“ನಿಮ್ಮದನ್ನ ನೋಡಿ ಬರದಾರ್ರಿ ಮೇಡಂ.”