ಕುರಿ ನಿಂತ ಶಾಲೆ

ಗಂಡನ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮುಂಜಾನೆ. ಪ್ರತಿಮಾ ಒಲೆಯ ಮುಂದೆ ನಿಂತಿದ್ದಳು, ಯಾಕೆ ಬಂದೆನೆಂದು ನೆನಪಾಗದೆ. ಬಾಗಿಲಲ್ಲಿ ಹೆಡ್‌ಮಾಸ್ತರ ಗಂಗಾರಾಮ ಕೆಮ್ಮಿದರು.

“ತಂಗೀ, ಇವತ್ತ ನಾ ಬರಬಾರದಿತ್ತ. ಆದ್ರ ಟ್ರಸ್ಟಿನವ್ರು ಸಂಜಿಗೆ ಹುಡುಗೂರ ಹೆಸರು ಬರಕೊಳ್ಳೂದು ಮುಗಸ್ತಾರ. ಸಿದ್ದಾರ್ಥ ಹಟ ಹಿಡಿದಿದ್ನಲ್ಲ, ಆ ರೇಷ್ಮಾ ಒಬ್ಬಾಕಿ ಉಳದಾಳ. ಅವರ ಆಯಿ ನನ್ನ ಮಾರಿ ಕಂಡ್ರ ಕುರಿ ಕಡೆ ತಿರಗತಾಳ.”

ಕುರಿಯ ಬೆನ್ನು ಹತ್ತಿ ವರ್ಷದ ಅರ್ಧ ಊರು ಬಿಡುವ ಮನೆಗಳ ಮಕ್ಕಳು ಅನಗವಾಡಿಯ ಶಾಲೆಯಲ್ಲೇ ಉಳಿದು, ಉಂಡು, ಓದಲೆಂದು ಟ್ರಸ್ಟು ಅನುದಾನ ಕೊಟ್ಟಿತ್ತು. ಅದಕ್ಕಾಗಿ ಓಡಾಡಿದವನು ಪ್ರತಿಮಾಳ ಗಂಡ, ಅದೇ ಶಾಲೆಯ ಮಾಸ್ತರ ಸಿದ್ದಾರ್ಥ. ಅಜ್ಜಿ ಒಪ್ಪದಿದ್ದರೆ ರೇಷ್ಮಾ ನಾಳೆ ಕುರಿಯ ಹಿಂದೆ ಹೊರಡುತ್ತಾಳೆ. ಓದು ಏಳನೆಯ ತರಗತಿಗೆ ಮುಗಿಯುತ್ತದೆ. ಪ್ರತಿಮಾ ಚಪ್ಪಲಿ ಮೆಟ್ಟಿದಳು.

ಊರಾಚೆ ಮುರಗೆಪ್ಪನ ಹೊಲದಲ್ಲಿ ರಾತ್ರಿ ಕುರಿ ನಿಂತಿದ್ದವು. ಹಿಕ್ಕೆಯ ಗೊಬ್ಬರ ಬಿದ್ದ ಲೆಕ್ಕಕ್ಕೆ ಮುರಗೆಪ್ಪ ರೇಷ್ಮಾಳ ಅಜ್ಜಿ ತಂಗೆವ್ವನ ಚೀಲಕ್ಕೆ ಜೋಳ ಸುರಿಯುತ್ತಿದ್ದ.

“ಇನ್ನೊಂದ ಬೊಗಸಿ ಹಾಕೋ. ನನ್ನ ಕುರಿ ಏನ ಉಪವಾಸ ಇದ್ವು?” ಎಂದು ಗದರುತ್ತಿದ್ದ ಮುದುಕಿ ಪ್ರತಿಮಾಳನ್ನು ಕಂಡು ಮೆತ್ತಗಾದಳು. “ಬಾ ಯವ್ವಾ. ಅಂಥಾ ಮಾಸ್ತರ ಹೋಗಬಾರದಿತ್ತ.” ಆಮೇಲೆ ಗಂಗಾರಾಮರ ಕಡೆ ಹೊರಳಿದಳು. “ನೀ ಮತ್ತ ಬಂದ್ಯಾ? ಧರ್ಮದ ಕೂಳು ನಮ್ಮ ಮನಿತನದಾಗ ಯಾರೂ ಉಂಡಿಲ್ಲ. ಬೀರಪ್ಪನ ಆಣಿ.”

“ಧರ್ಮ ಅಲ್ಲ ಬೇ, ಅನುದಾನ!”

“ಹೆಸರ ಬ್ಯಾರೆ. ಕೂಳ ಅದೇ ಐತಿ.”

ಮರಿಯೊಂದನ್ನು ಎದೆಗೊತ್ತಿಕೊಂಡು ನಿಂತಿದ್ದ ರೇಷ್ಮಾ ತಲೆ ತಗ್ಗಿಸಿದಳು. ಪ್ರತಿಮಾ ಜೋಳದ ಚೀಲವನ್ನೇ ನೋಡುತ್ತಿದ್ದಳು.

“ಆಯಿ, ಈ ಜ್ವಾಳ ಧರ್ಮದ್ದೇನ್ರಿ?”

“ಯಾಕ? ದುಡದದ್ದು! ಕುರಿ ನಿಂತ ಹೊಲ ಬಂಗಾರ ಬೆಳೀತೈತಿ.”

“ಸಾಲಿ ಹಿಂದ ಬಯಲ ಐತಿ. ಹುಡುಗೂರ ಊಟಕ್ಕ ಕಾಯಿಪಲ್ಯೆ ಹಾಕಿದ್ರು, ಒಂದೂ ಹತ್ತಲಿಲ್ಲ. ಇವತ್ತ ಅಲ್ಲಿ ಕುರಿ ನಿಲ್ಲಸ್ರಿ. ನಿಮ್ಮ ಕೂಲಿ ಸಾಲಿಯವ್ರು ರೇಷ್ಮಾನ ಊಟದಾಗ ಕೊಡ್ತಾರ.”

“ಸಾಲ್ಯಾಗ ಕುರಿ?” ಗಂಗಾರಾಮ ಬೆವರಿದರು. “ಮ್ಯಾಲಿನವ್ರು ಕೇಳಿದ್ರ ಏನ ಹೇಳ್ಲಿ?”

“ಗೊಬ್ಬರ ಅಂತ ಹೇಳ್ರಿ ಸರ.”

ಮುರಗೆಪ್ಪ ನಕ್ಕುಬಿಟ್ಟ. ತಂಗೆವ್ವ ನಗಲಿಲ್ಲ. ಬೆರಳು ಮಡಚಿ ಏನೋ ಕೂಡಿಸಿದಳು, ಕಳೆದಳು.

“ಒಂದ ರಾತ್ರಿಗೆ ಅಷ್ಟು ಊಟ ಹೆಚ್ಚಾತು. ಎರಡ ರಾತ್ರಿ ನಿಲ್ಲಸ್ತೇನಿ. ಹೊಳ್ಳಿ ಬಂದಾಗ ಮತ್ತ ಎರಡ. ಇದಕ್ಕ ಹೂಂ ಅಂದ್ರ ಹುಡುಗಿನ್ನ ಬಿಡತೇನಿ, ಇಲ್ಲಂದ್ರ ಇಲ್ಲ.”

ರೇಷ್ಮಾಳ ಕೈಯಿಂದ ಮರಿ ಜಾರಿತು.

ಇಳಿಹೊತ್ತಿಗೆ ಇಡೀ ಹಿಂಡು ಶಾಲೆಯ ಗೇಟಿನೊಳಗೆ ನುಗ್ಗಿತು. ಕಿಟಕಿಗಳ ತುಂಬ ಮಕ್ಕಳ ತಲೆ. ಪಾಠ ಅಲ್ಲಿಗೇ ನಿಂತಿತು. ಟಗರೊಂದು ಆಫೀಸಿನ ಮುಂದಿನ ಕುಂಡದ ಗಿಡ ಮೇಯ್ದರೂ ಗಂಗಾರಾಮ ಬೈಯಲಿಲ್ಲ. ಫೋನಿನಲ್ಲಿ ಟ್ರಸ್ಟಿನವರಿಗೆ ಕೂಗಿ ಹೇಳುತ್ತಿದ್ದರು: “ಹೌದ್ರಿ, ರೇಷ್ಮಾ! ಹಾಂ? ಇಲ್ರಿ, ಅದು ಕುರಿ ಒದರಿದ್ದು!”

ಕುರಿ ಚದುರದಂತೆ ಬಯಲಿಗೆ ಬಲೆ ಕಟ್ಟಿ ಮುಗಿಸಿ ತಂಗೆವ್ವ ಪ್ರತಿಮಾಳ ಬಳಿ ಬಂದಳು. ಕೇಳಲೋ ಬೇಡವೋ ಎಂಬಂತೆ ನಿಂತು ಕೇಳಿದಳು: “ಮಾಸ್ತರ ಕಡೀ ಸಲ ಬಂದಾಗ ಹೊತ್ತಾಗಿತ್ತ. ಗಾಡಿ ಮ್ಯಾಲ ಥಂಡಿ ಹತ್ತತೈತಿ ಅಂತ ನನ್ನ ಕಂಬಳಿ ಕೊಟ್ಟಿದ್ನಿ. ಐತೇನ ಯವ್ವಾ?”

ಇತ್ತು. ಅದು ಯಾರದೆಂದು ತಿಳಿಯದೆ, ಅವನ ಮೈಯ ವಾಸನೆಯಿದೆಯೆಂದು, ಪ್ರತಿಮಾ ಇಷ್ಟು ದಿನ ಅದನ್ನೇ ಹೊದ್ದು ಬಿದ್ದಿದ್ದಳು. ಮನೆಗೆ ಹೋಗಿ ತಂದಳು. ಮಡಿಕೆಯನ್ನು ತಾನೇ ಬಿಚ್ಚಿ ಮುದುಕಿಯ ಹೆಗಲಿಗೆ ಹೊದಿಸಿದಳು.

ಹೊಳೆಯ ಕಡೆಯಿಂದ ಗಾಳಿ ಬೀಸಿತು. ಎಷ್ಟೋ ದಿನಗಳ ಮೇಲೆ ಪ್ರತಿಮಾಗೆ ಚಳಿಯಾಯಿತು.