ಹೊಳೆಯದ ಜಾಗ

"ಏನದು ಡಾಕ್ಟ್ರೇ, ಹಾಲಾ? ಸಕ್ಕರೆ ಹಾಕಿದೀರಾ?" ನರ್ಸ್ ತೋಳಿನ ನಾಳಕ್ಕೆ ಬೆಳ್ಳಗಿನ ಔಷಧಿ ಏರಿಸುತ್ತಿದ್ದಾಗ ವಿಲ್ಮಾರ್ ಕೇಳಿದ. ಸಾಲ್ತೊ ಊರಿನ ಕ್ಷೌರಿಕ ಅವನು, ಸುಮ್ಮನಿದ್ದು ಗೊತ್ತಿಲ್ಲ.

"ಬಾಯಿ ಮುಚ್ಕೊಂಡು ಮಲ್ಕೋ ಮುದುಕಾ," ಎಂದಳು ಕಾಲಬಳಿ ಕುಳಿತಿದ್ದ ಹೆಂಡತಿ ಡೆಲ್ಮಿರಾ.

ಡಾಕ್ಟರ್ ನೋರ್ಮಾ ಅವನ ಪಕ್ಕೆಲುಬಿನ ಕೆಳಗೆ ಸ್ಕ್ಯಾನಿಂಗ್ ಹಿಡಿಕೆ ಒತ್ತಿ ಪರದೆ ನೋಡತೊಡಗಿದರು. ಗಡ್ಡೆಗಳ ರಕ್ತನಾಳಗಳ ಬಗ್ಗೆ ಅವರು ಅಧ್ಯಯನ ನಡೆಸುತ್ತಿದ್ದರು. ಔಷಧಿಯಲ್ಲಿರುವ ಕಣ್ಣಿಗೆ ಕಾಣದ ಗುಳ್ಳೆಗಳು ರಕ್ತದ ಜೊತೆಗೇ ಹರಿಯುತ್ತವೆ, ರಕ್ತ ಇರುವಲ್ಲೆಲ್ಲ ಪರದೆ ಹೊಳೆಯುತ್ತದೆ ಎಂದು ಮೂರು ತಿಂಗಳ ಹಿಂದೆ ಅವರೇ ತಿಳಿಸಿ ಹೇಳಿದ್ದರು. ಆ ದಿನ ವಿಲ್ಮಾರನ ಲಿವರಿನಲ್ಲಿದ್ದ ಗಡ್ಡೆ ಪರದೆಯ ಮೇಲೆ ಎಲ್ಲಕ್ಕಿಂತ ಮೊದಲು ಝಗ್ಗನೆ ಹೊತ್ತಿಕೊಂಡಿತ್ತು. ಆಮೇಲೆ ಶುರುವಾದ ಮಾತ್ರೆ ಕೆಲಸ ಮಾಡಿಲ್ಲವೆಂದರೆ ಕೊಡಲು ಬೇರೆ ಔಷಧಿ ಇರಲಿಲ್ಲ.

ಪರದೆಯ ಮೇಲೆ ಲಿವರ್ ಮೆಲ್ಲನೆ ಬೆಳಗಿತು. ನಡುವೆ ನಿಂಬೆಹಣ್ಣಿನಷ್ಟು ಜಾಗ ಮಾತ್ರ ಕಪ್ಪಗೇ ಉಳಿಯಿತು. ಒಂದು ನಿಮಿಷವಾದರೂ ಅಲ್ಲಿ ಒಂದು ಚುಕ್ಕೆ ಬೆಳಕೂ ಬೀಳಲಿಲ್ಲ.

ಡೆಲ್ಮಿರಾ ಪರದೆಯತ್ತ ಬಗ್ಗಿ ನೋಡಿದಳು. ಗಡ್ಡೆ ಲಿವರನ್ನೇ ತಿಂದು ತೂತು ಮಾಡಿಬಿಟ್ಟಿದೆ! ಗಡ್ಡೆ ಮತ್ತೆ ಹೊತ್ತಿಕೊಂಡರೆ ಹೇಗೆ ಧೈರ್ಯ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ತೂತಿನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಕೈಗೆಟುಕಿದ ಅವನ ಕಾಲಿನ ಹೆಬ್ಬೆರಳನ್ನೇ ಗಟ್ಟಿಯಾಗಿ ಹಿಡಿದು ಗೊಳೋ ಎಂದು ಅತ್ತಳು.

"ಬಿಟ್ಟು ಹೋಗ್ಬೇಡ ಕಣೋ! ಬೆಳಿಗ್ಗೆ ಕಾಲುಚೀಲಕ್ಕೆ ಬೈದಿದ್ದು ತಪ್ಪಾಯ್ತು. ಎಲ್ಲಿ ಬೇಕಾದ್ರೂ ಬಿಸಾಕು, ನಾನೇ ಎತ್ತಿಡ್ತೀನಿ!"

ಪರದೆ ಕಾಣದ ವಿಲ್ಮಾರ್ ಬಿಳಿಚಿಕೊಂಡ. "ಡಾಕ್ಟ್ರೇ... ಮುಗೀತಾ?"

"ಅಯ್ಯೋ, ಇಲ್ಲಪ್ಪಾ!" ಹಿಡಿಕೆಯಿಂದ ಕೈ ತೆಗೆಯುವಂತಿರಲಿಲ್ಲ, ನೋರ್ಮಾ ಕುತ್ತಿಗೆ ಮಾತ್ರ ತಿರುಗಿಸಿದರು. "ಅಮ್ಮಾ, ಅದು ತೂತಲ್ಲ, ಗಡ್ಡೆ. ಕಪ್ಪಗಿರೋದೇ ಒಳ್ಳೇದು. ಅದಕ್ಕೆ ರಕ್ತ ಹೋಗ್ತಾ ಇಲ್ಲ. ಪೂರ್ತಿ ವಾಸಿ ಅಂತ ಈಗ್ಲೇ ಹೇಳಲಾರೆ. ಆದ್ರೆ ಮಾತ್ರೆ ನಾಟಿದೆ."

"ಇನ್ನೊಂದ್ಸಲ ಹೇಳಿ," ಎಂದಳು ಡೆಲ್ಮಿರಾ.

ನೋರ್ಮಾ ಇನ್ನೊಮ್ಮೆ ಹೇಳಿದರು. ಡೆಲ್ಮಿರಾ ಮೂಗು ಒರೆಸಿಕೊಂಡಳು. ವಿಲ್ಮಾರನ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು.

"ಮೂವತ್ತೆಂಟು ವರ್ಷದಿಂದ ಒಂದು ಅನುಮಾನ ಇತ್ತು ಡಾಕ್ಟ್ರೇ, ನಾನು ಸತ್ರೆ ಇವಳು ಅಳ್ತಾಳೋ ಇಲ್ವೋ ಅಂತ. ಬದುಕಿರುವಾಗ್ಲೇ ನೋಡ್ಬಿಟ್ಟೆ."

"ನೋಡಿದ್ಯಲ್ಲಾ, ಅಷ್ಟೇ. ನಿನ್ನ ಪಾಲಿಂದು ಅತ್ತಾಯ್ತು," ಎಂದಳು ಡೆಲ್ಮಿರಾ. "ಇನ್ನು ಸತ್ರೂ ಅಳಲ್ಲ."

ಹೆಬ್ಬೆರಳನ್ನು ಮಾತ್ರ ಬಿಡಲಿಲ್ಲ.