ಬಂಗಾರಕ್ಕೆ ಕುಂದಿಲ್ಲ

ಬೀಗರ ಮುಂದೆ ಮೆರೆಯಲೆಂದು ಅಡಿವೆಪ್ಪ ಕೆಳದವಡೆಯಲ್ಲೊಂದು ಬಂಗಾರದ ಹಲ್ಲು ಕಟ್ಟಿಸಿಕೊಂಡ. ಅಂದಿನಿಂದ ತುತ್ತು ಅಗಿದಾಗಲೆಲ್ಲ ಕೆನ್ನೆಗೆ ಕರೆಂಟು ಹೊಡೆದಂಥ ನೋವು. ರೊಟ್ಟಿ ಬಿಟ್ಟು ಗಂಜಿಗಿಳಿದವನು ಕೊನೆಗೆ ಹಲ್ಲಿನ ಡಾಕ್ಟರ ಬಳಿ ಹೋದ.

"ಬಂಗಾರದ ಹಲ್ಲು ಎತ್ತರ ಆಗೇತ್ರಿ. ಮ್ಯಾಲಿನ ಹಲ್ಲಿಗೆ ಬಡದು ನರ ಕೆಣಕತೈತಿ. ಚೂರು ಉಜ್ಜಿ ತಗ್ಗಸ್ತೀನಿ," ಎಂದಳು ಆಕೆ.

"ಬಂಗಾರ ಉಜ್ಜಾಕಿ ಬಂದ್ಳು ನೋಡು! ಉದುರಿದ ಪುಡಿ ಸೆರಗಿಗೆ ಕಟ್ಟಿಕೊಳ್ಳಾಕೇನು?"

ನಿನ್ನೆ ಮೊನ್ನೆ ಓದಿ ಬಂದ ಹುಡುಗಿಗೆ ಬಂಗಾರದ ಬೆಲೆ ಏನು ಗೊತ್ತು ಎಂದುಕೊಂಡು ಅಡಿವೆಪ್ಪ ಎದ್ದು ನಡೆದ.

ತಿಂಗಳ ಮೇಲೆ ಅವಳನ್ನು ಹಂಗಿಸಲೆಂದೇ ಮತ್ತೆ ಬಂದ.

"ನೋವು ಪೂರಾ ಹೋತು ನೋಡು. ಬಂಗಾರದ್ದೇನೂ ತಪ್ಪಿರಲಿಲ್ಲ, ತಂಗಿ."

"ಮತ್ತ ಹೆಂಗ ಹೋತ್ರಿ?"

ಅಡಿವೆಪ್ಪ ಬಾಯಿ ಅಗಲಿಸಿ ನಕ್ಕ.

"ಮ್ಯಾಲಿನ ಹಲ್ಲು ಅಷ್ಟೂ ಕೀಳಿಸಿ ಒಗದೆ."